ಲೋಟಕ್ಕೂ ಸೆಕೆ!

ಎಂಟನೇ ತರಗತಿ, ವಿಜ್ಞಾನದ ಪಾಠ. ಮೇಷ್ಟ್ರು ಕಪ್ಪು ಹಲಗೆಯ ಮೇಲೆ ಆಮ್ಲಜನಕ, ಜಲಜನಕ, ಸಾರಜನಕ ಎಂದು ಒಂದರ ಕೆಳಗೊಂದು ಬರೆದು, 'ಯಾರಿಗಾದರೂ ಸಂದೇಹ ಇದೆಯೇನ್ರೋ?' ಎಂದು ಕೇಳಿದರು. ಸಾಮಾನ್ಯವಾಗಿ ಈ ಪ್ರಶ್ನೆಗೆ ಮೌನವೇ ಉತ್ತರ. ಅಂದು ಮಾತ್ರ ಕೊನೆಯ ಬೆಂಚಿನಿಂದ ಒಂದು ಕೈ ಮೇಲೆದ್ದಿತು.

'ಸಾರ್, ಇವರೆಲ್ಲ ಸೀತೆಯ ಅಪ್ಪನ ಅಣ್ಣತಮ್ಮಂದಿರಾ?'

ತರಗತಿ ಗೊಳ್ಳೆಂದಿತು. ಮೇಷ್ಟ್ರಿಗೂ ನಗು ತಡೆಯಲಾಗಲಿಲ್ಲ. 'ಸಾಕು ಕೂತ್ಕೋ, ತಲೆಹರಟೆ' ಎಂದು ಪಾಠ ಮುಂದುವರಿಸಿದರು. ಹುಡುಗನಿಗೆ ಅಂದಿನಿಂದ 'ಜನಕ ಮಹಾರಾಜ' ಎಂಬ ಅಡ್ಡಹೆಸರು ಅಂಟಿಕೊಂಡಿತು.

ಸಂಜೆ ಸ್ಟಾಫ್ ರೂಮಿನಲ್ಲಿ ಚಹಾದ ಜೊತೆಗೆ ಈ ಪ್ರಶ್ನೆಯೂ ಎಲ್ಲರಿಗೂ ಹಂಚಿಕೆಯಾಯಿತು. ಎಲ್ಲರೂ ನಕ್ಕರು, ಕನ್ನಡ ಪಂಡಿತರೊಬ್ಬರನ್ನು ಬಿಟ್ಟು. 'ಹುಡುಗ ಕೇಳಿದ್ದರಲ್ಲಿ ತಪ್ಪೇನಿದೆ ಸ್ವಾಮಿ? ಜನಕ ಅಂದರೆ ಹುಟ್ಟಿಸುವವನು, ತಂದೆ. ಮೂರು ಹೆಸರಿಗೂ ಒಂದೇ ಬಾಲ ಇರುವುದನ್ನು ಅವನೊಬ್ಬನೇ ಗಮನಿಸಿದ್ದಾನೆ' ಎಂದರು.

ಮೇಷ್ಟ್ರ ಚಹಾ ಆರಿಹೋಯಿತು. ಹುಡುಗ ಎತ್ತಿದ್ದು ಎಂಥ ಪ್ರಶ್ನೆ! ಜಲಜನಕ ಉರಿದರೆ ನೀರು ಹುಟ್ಟುತ್ತದೆ. ಆ ಹೆಸರು ಸಾರ್ಥಕ. ಆದರೆ ಆಮ್ಲಜನಕ? ಎಲ್ಲ ಆಮ್ಲಗಳಲ್ಲೂ ಈ ಅನಿಲ ಇದ್ದೇ ಇರುತ್ತದೆ ಎಂದು ನಂಬಿದ್ದ ಫ್ರಾನ್ಸಿನ ಲಾವೋಸಿಯೆ, 1777ರಲ್ಲಿ ಗ್ರೀಕ್ ಭಾಷೆಯ ಪದಗಳನ್ನು ಕೂಡಿಸಿ ಅದಕ್ಕೆ 'ಆಮ್ಲ ಹುಟ್ಟಿಸುವುದು' ಎಂಬ ಅರ್ಥದ ಹೆಸರಿಟ್ಟ. 1810ರಲ್ಲಿ ಇಂಗ್ಲೆಂಡಿನ ಹಂಫ್ರಿ ಡೇವಿ, ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಆಮ್ಲಜನಕದ ಸುಳಿವೇ ಇಲ್ಲವೆಂದು ತೋರಿಸಿದ. ಹೆಸರು ಮಾತ್ರ ಹಾಗೆಯೇ ಉಳಿಯಿತು. ಮಹಾ ವಿಜ್ಞಾನಿಯ ತಪ್ಪು ಉತ್ತರ ಪಠ್ಯಪುಸ್ತಕ ಸೇರಿತು. ಕೊನೆಯ ಬೆಂಚಿನ ಹುಡುಗನ ಸರಿಯಾದ ಪ್ರಶ್ನೆ ನಗೆಪಾಟಲಿಗೆ ಈಡಾಯಿತು!

ಮರುದಿನ ಮೇಷ್ಟ್ರು ಇದನ್ನೆಲ್ಲ ತರಗತಿಯಲ್ಲಿ ವಿವರಿಸಿದರು, ಹುಡುಗನನ್ನು ಹೊಗಳಿದರು. ಆದರೆ ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವನ ಕೈ ಮತ್ತೆ ಮೇಲೇಳಲಿಲ್ಲ. ಏನು ಕೇಳಿದರೂ 'ಗೊತ್ತಿಲ್ಲ ಸಾರ್' ಎಂಬ ಒಂದೇ ಉತ್ತರ. ಗೊತ್ತಿಲ್ಲ ಎಂದವನನ್ನು ನೋಡಿ ಯಾರೂ ನಗುವುದಿಲ್ಲವಲ್ಲ!

ಹೀಗೇ ಎರಡು ತಿಂಗಳು ಕಳೆಯಿತು. ಮಳೆಗಾಲದ ಒಂದು ದಿನ ಮೇಷ್ಟ್ರು ಸ್ಟೀಲ್ ಲೋಟದಲ್ಲಿ ನೀರು, ಮಂಜುಗಡ್ಡೆ ಹಾಕಿ ಮೇಜಿನ ಮೇಲಿಟ್ಟರು. ಸ್ವಲ್ಪ ಹೊತ್ತಿಗೆ ಲೋಟದ ಹೊರಮೈಯಲ್ಲಿ ಹನಿಗಳು ಮೂಡಿದವು. 'ಈ ನೀರು ಎಲ್ಲಿಂದ ಬಂತು?' ಮುಂದಿನ ಬೆಂಚಿನವರು ಪುಸ್ತಕದ ಪುಟ ತಿರುವತೊಡಗಿದರು. ಹಿಂದಿನಿಂದ ಯಾರೋ ಗೊಣಗಿದ್ದು ಮೇಷ್ಟ್ರ ಕಿವಿಗೆ ಬಿತ್ತು:

'ಲೋಟಕ್ಕೆ ಸೆಕೆ ಆಗಿದೆ. ಬೆವರ್ತಾ ಇದೆ.'

ಅವನೇ! ಮತ್ತೆ ನಗು ಏಳುವಷ್ಟರಲ್ಲಿ ಮೇಷ್ಟ್ರು ಕೈ ಎತ್ತಿ ಎಲ್ಲರನ್ನೂ ತಡೆದರು. 'ಇರ್ಲಿ, ಬೆವರು ಅಂತಲೇ ಇಟ್ಕೊಳ್ಳೋಣ. ಬೆವರು ಒಳಗಿಂದ ತಾನೇ ಬರಬೇಕು? ಅದು ಒಳಗಿನ ನೀರೇ ಅಂತ ಹೇಗೆ ಪತ್ತೆ ಹಚ್ತೀಯ?'

ಹುಡುಗ ತಲೆ ಕೆರೆದುಕೊಂಡ. 'ನೀರಿಗೆ ಶಾಯಿ ಹಾಕಿ ಸಾರ್. ಬೆವರೂ ಕೆಂಪಗೆ ಬರಬೇಕು.' ಕೆಂಪು ಶಾಯಿ ಬಿತ್ತು. ಲೋಟವನ್ನು ಒರೆಸಿ ಇಟ್ಟು ಕಾದರು. ಮೂಡಿದ ಹನಿಗಳು ತಿಳಿಯಾಗಿಯೇ ಇದ್ದವು. 'ಮುಚ್ಚಳ ಹಾಕಿ ತೂಕ ಮಾಡೋಣ ಸಾರ್' ಎಂದಳು ಒಬ್ಬ ಹುಡುಗಿ. ತಕ್ಕಡಿ ಬಂತು. ಒಳಗಿನ ನೀರೇ ಹೊರಗೆ ಬಂದಿದ್ದರೆ ತೂಕ ಅಷ್ಟೇ ಇರಬೇಕಿತ್ತು. ಅದು ತುಸು ಹೆಚ್ಚಾಗಿತ್ತು! ಹುಡುಗ ಈಗ ಎದ್ದು ನಿಂತಿದ್ದ.

'ಸಾರ್, ಬೆವರಿದ್ದು ಲೋಟ ಅಲ್ಲ, ಗಾಳಿ!'

ಗಾಳಿಯಲ್ಲಿರುವ ನೀರಿನ ಆವಿ ತಣ್ಣನೆಯ ಲೋಟಕ್ಕೆ ತಗುಲಿ, ತಂಪಾಗಿ, ಹನಿಯಾಗುತ್ತದೆ ಎಂಬ ಪುಸ್ತಕದ ವಾಕ್ಯಕ್ಕೂ ಇದಕ್ಕೂ ಇರುವ ವ್ಯತ್ಯಾಸವೆಷ್ಟು? ಕೂದಲೆಳೆಯಷ್ಟು. ಆದರೆ ಇದು ಉರು ಹೊಡೆದದ್ದಲ್ಲ, ಅವನೇ ಗಳಿಸಿದ್ದು.

ತಪ್ಪು ಉತ್ತರ ಒಳಗೇ ಉಳಿದರೆ ಏನಾಗುತ್ತದೆ? ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಘಟಿಕೋತ್ಸವದ ದಿನ, ಋತುಗಳು ಏಕಾಗುತ್ತವೆ, ಚಂದ್ರ ಏಕೆ ಕ್ಷಯಿಸಿ ವೃದ್ಧಿಸುತ್ತಾನೆ ಎಂಬಂಥ ಪ್ರಶ್ನೆಗಳನ್ನು ಅಲ್ಲಿನವರಿಗೆ ಕೇಳಿ ಚಿತ್ರೀಕರಿಸಿದ ಸಾಕ್ಷ್ಯಚಿತ್ರವೊಂದು 1987ರಲ್ಲಿ ಬಂತು. 23 ಮಂದಿಯಲ್ಲಿ 21 ಮಂದಿ ಎಡವಿದ್ದರು. ಬೇಸಿಗೆಯಲ್ಲಿ ಸೂರ್ಯ ಹತ್ತಿರವಿರುತ್ತಾನೆ ಎಂಬ ಬಾಲ್ಯದ ಊಹೆ ಪದವಿಯ ಗೌನಿನೊಳಗೂ ಭದ್ರವಾಗಿತ್ತು. ಭೂಮಿ ಸೂರ್ಯನಿಗೆ ಅತಿ ಹತ್ತಿರವಿರುವುದು ಜನವರಿಯ ಮೊದಲ ವಾರದಲ್ಲಿ, ಸುಮಾರು 14.7 ಕೋಟಿ ಕಿಲೋಮೀಟರ್ ದೂರದಲ್ಲಿ. ಅತಿ ದೂರವಿರುವುದು ಜುಲೈನಲ್ಲಿ, ಸುಮಾರು 15.2 ಕೋಟಿ ಕಿಲೋಮೀಟರ್. ಋತುಗಳಿಗೆ ಕಾರಣ ಭೂಮಿಯ ಓರೆ. ಆದರೆ ಒಲೆಯ ಹತ್ತಿರ ಹೋದರೆ ಬಿಸಿ ಹೆಚ್ಚು ಎಂದು ಕಂಡುಕೊಂಡ ಮಗು ಬೇರೆ ಹೇಗೆ ಯೋಚಿಸೀತು? ಅದರ ಉತ್ತರ ತಪ್ಪು, ಯೋಚನೆ ದಡ್ಡತನದ್ದಲ್ಲ.

ಮನೆಯಲ್ಲಿ ಮಗು ಇಂಥದ್ದೇನಾದರೂ ಹೇಳಿದಾಗ ನೆಂಟರ ಮುಂದೆ ಅದನ್ನೇ ಮತ್ತೆ ಹೇಳಿಸಿ ನಗುವ ಅಪ್ಪ ಅಮ್ಮಂದಿರು ಒಂದು ಮಾತು ಕೇಳಿ ನೋಡಲಿ: 'ಹಾಗಂತ ಯಾಕೆ ಅನ್ನಿಸ್ತು ಮರಿ?' ವಿದ್ಯಾರ್ಥಿಗಳೂ ಅಷ್ಟೇ, ಪಕ್ಕದವನ ಪ್ರಶ್ನೆಗೆ ನಗುವ ಮುನ್ನ ತಮಗೆ ಉತ್ತರ ಗೊತ್ತಿದೆಯೇ ಎಂದು ನೋಡಿಕೊಳ್ಳಲಿ.

ಅಂದಹಾಗೆ, ಅಂದು ಗಂಟೆ ಬಾರಿಸಿ ಎಲ್ಲರೂ ಹೊರಟ ಮೇಲೆ ಹುಡುಗ ಮೇಜಿನ ಬಳಿ ಬಂದು ನಿಂತ. 'ಸಾರ್, ಹಾಗಿದ್ರೆ ಬೆಳಗಿನ ಇಬ್ಬನಿಯೂ ಗಾಳಿಯ ಬೆವರೇನಾ?'

ಮೇಷ್ಟ್ರು ಈ ಸಲವೂ ನಕ್ಕರು. ಹುಡುಗನೂ ನಕ್ಕ.