ಕೊಡದುದನ್ನು ಕೊಳ್ಳದಿರುವ ವ್ರತ

ಚಿಂತಾಮಣಿಯ ಕೃಷಿ ಮಾರುಕಟ್ಟೆಯಲ್ಲಿ ಟೊಮೆಟೊ ಹರಾಜಾಗುವಾಗ ಬಾಕ್ಸುಗಳು ಎಲ್ಲರ ಕಣ್ಣೆದುರಿಗಿರುತ್ತವೆ. ಕೂಗಿದ ಬೆಲೆ ಒಪ್ಪಿಗೆಯಾಗದಿದ್ದರೆ ರೈತನು ‘ಬೇಡ’ ಎನ್ನಬಲ್ಲನು. ಅದೇ ರೈತನು ಮನೆಗೆ ಬಂದು ಮೊಬೈಲಿನಲ್ಲಿ ಹೊಸ ಆ್ಯಪ್ ಒಂದನ್ನು ತೆರೆದರೆ ಆ ‘ಬೇಡ’ ಎಷ್ಟೋ ಸಲ ಕಾಣಸಿಗದು. ಹವಾಮಾನ ತಿಳಿಸಬೇಕಾದ ಆ್ಯಪ್ ಕೂಡ ಅವನ ಬಂಧುಮಿತ್ರರ ದೂರವಾಣಿ ಸಂಖ್ಯೆಗಳನ್ನು ಬೇಡಬಹುದು. ಒಪ್ಪಿಗೆಯ ಗುಂಡಿ ಎದ್ದು ಕಾಣುತ್ತದೆ. ನಿರಾಕರಣೆಯ ದಾರಿ ಮರೆಯಲ್ಲಿರುತ್ತದೆ.

ಆ್ಯಪನ್ನು ಹೇಗೆ ರೂಪಿಸಬೇಕೆಂಬುದು ತಯಾರಕರ ಸ್ವಾತಂತ್ರ್ಯ, ಒಪ್ಪದವರು ಬಳಸದಿರಲಿ ಎಂಬ ವಾದವುಂಟು. ಅಚೌರ್ಯಾಣುವ್ರತದ ಮುಂದೆ ಈ ವಾದ ನಿಲ್ಲದು. ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ 7ನೆಯ ಅಧ್ಯಾಯದಲ್ಲಿ ಕಳವನ್ನು ‘ಅದತ್ತಾದಾನ’ವೆಂದು ಗುರುತಿಸಿದ್ದಾರೆ. ಅದತ್ತವೆಂದರೆ ಒಡೆಯನು ಕೊಡದೇ ಇದ್ದದ್ದು. ತಿಳಿಯದೆ ಒತ್ತಿದ ಗುಂಡಿ ದಾನವಾಗಲಾರದು. ಈ ವ್ರತದ ಐದು ಅತಿಚಾರಗಳಲ್ಲಿ ಸುಳ್ಳು ಅಳತೆಯೂ, ನಕಲಿಯನ್ನು ಅಸಲಿಯೆಂದು ಮಾರುವ ಪ್ರತಿರೂಪಕ ವ್ಯವಹಾರವೂ ಸೇರಿವೆ. ‘ಇನ್ನೈದೇ ನಿಮಿಷ’ ಎಂದು ಸುಳ್ಳು ಅವಸರ ಹುಟ್ಟಿಸುವುದು, ಕೇಳದ ವಸ್ತುವನ್ನು ಬುಟ್ಟಿಗೆ ಸೇರಿಸುವುದು ಇವುಗಳ ಇಂದಿನ ರೂಪಗಳೇ ಸರಿ.

ಇಂಥ 13 ಬಗೆಯ ಕಪಟ ವಿನ್ಯಾಸಗಳನ್ನು ಹೆಸರಿಸಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರ್ 30ರಂದು ನಿಷೇಧಿಸಿತು. ಒಪ್ಪಿಗೆ ಕೊಡುವಷ್ಟೇ ಸುಲಭವಾಗಿ ಅದನ್ನು ಹಿಂಪಡೆಯುವಂತಿರಬೇಕೆಂದು ಅದೇ ವರ್ಷದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹೇಳುತ್ತದೆ. ಆದರೆ ಕಾನೂನು ಸಾಮಾನ್ಯವಾಗಿ ತಪ್ಪು ನಡೆದ ಮೇಲೆ ಬರುತ್ತದೆ. ವ್ರತವು ತಪ್ಪಿಗೆ ಮೊದಲೇ ಕೈಹಿಡಿದು ನಿಲ್ಲಿಸುತ್ತದೆ.

ಹಾಗಾದರೆ ತಯಾರಕನ ಸ್ವಾತಂತ್ರ್ಯ ಅಳಿಯುವುದೇ? ದಿಗ್ವ್ರತವನ್ನು ಕೈಗೊಂಡ ಶ್ರಾವಕನು ದಿಕ್ಕುಗಳಿಗೆ ತಾನೇ ಎಲ್ಲೆ ಕಟ್ಟಿಕೊಳ್ಳುತ್ತಾನೆ; ಆ ಎಲ್ಲೆಯೊಳಗೆ ಅವನ ವ್ಯಾಪಾರ ನಿರಾತಂಕವಾಗಿ ಸಾಗುತ್ತದೆ. ಕೆಲಸಕ್ಕೆ ಬೇಕಾದಷ್ಟನ್ನೇ ಕೇಳುವೆನು, ‘ಹೌದು’ ಎಂಬುದರ ಪಕ್ಕದಲ್ಲೇ ‘ಬೇಡ’ ಎಂಬುದನ್ನೂ ಇಡುವೆನು ಎಂಬುದು ತಯಾರಕನು ಕಟ್ಟಿಕೊಳ್ಳಬೇಕಾದ ಎಲ್ಲೆ.

ಬಳಕೆದಾರನಿಗೂ ಕರ್ತವ್ಯವುಂಟು. ನಿಯಂತ್ರಣವೆಲ್ಲ ಕೈಗೆ ಬಂದರೂ ಮನಸ್ಸು ಕೈಯಲ್ಲಿರದಿದ್ದರೆ ಫಲವಿಲ್ಲ. ಭೋಗೋಪಭೋಗ ಪರಿಮಾಣ ವ್ರತವು ಬಳಕೆಗೆ ಮಿತಿ ಹಾಕಿಕೊಳ್ಳಲು ಕಲಿಸುತ್ತದೆ. ಆದರೆ ಅವನ ಅಸಂಯಮವು ಇನ್ನೊಬ್ಬರ ಕಳವಿಗೆ ಅನುಮತಿಯಾಗದು. ಬಾಗಿಲು ತೆರೆದಿತ್ತೆಂಬುದು ಕಳ್ಳನಿಗೆ ಸಮರ್ಥನೆಯಲ್ಲ.

ಚಿಕ್ಕಬಳ್ಳಾಪುರ, ಗೌರಿಬಿದನೂರು, ಶಿಡ್ಲಘಟ್ಟಗಳಿಂದ ಬೆಂಗಳೂರಿಗೆ ಹೋಗಿ ತಂತ್ರಾಂಶ ಬರೆಯುವ ಯುವಜನರು ಪ್ರತಿಯೊಂದು ಗುಂಡಿಯನ್ನು ಇಡುವ ಮುನ್ನ ಊರಿನಲ್ಲಿರುವ ತಂದೆತಾಯಿಯರನ್ನು ನೆನೆಯಲಿ. ಇದನ್ನು ತಿಳಿದರೆ ಅವರು ಮನಸಾರೆ ಒತ್ತುವರೇ? ಆ ಪ್ರಶ್ನೆಗೆ ಅಳುಕಿಲ್ಲದೆ ಉತ್ತರಿಸಬಲ್ಲವನ ಗಳಿಕೆಯೇ ನ್ಯಾಯಾರ್ಜಿತ.