ಹಿಂದಿನ ಭಾರ

ಮನೆಯಂಗಳದಿಂದ



ನಮ್ಮ ಧರ್ಮಕೇಂದ್ರದಲ್ಲಿ ಹೊರದೇಶದಲ್ಲಿ ಮಕ್ಕಳಿಲ್ಲದ ಮನೆ ಈಗ ಅಪರೂಪ. ಮಕ್ಕಳು ಟಿಕೆಟ್ ಕಳುಹಿಸುತ್ತಾರೆ. ನಾವು ಹಪ್ಪಳ, ಉಪ್ಪಿನಕಾಯಿ ಕಟ್ಟಿಕೊಂಡು ಹೋಗಿ ಎರಡು ಮೂರು ತಿಂಗಳು ಇದ್ದು ಬರುತ್ತೇವೆ. ಹಾಗೆ ಹೋದಾಗ ನಾನು ಮಾಡಿದ ಒಂದು ತಪ್ಪನ್ನು ಈ ತಿಂಗಳು ನಿಮ್ಮ ಮುಂದೆ ಇಡುತ್ತಿದ್ದೇನೆ. ಪಾಪನಿವೇದನೆಯಲ್ಲಿ ಗುರುಗಳಿಗೆ ಹೇಳಿ ಆಗಿದೆ. ನಿಮಗೆ ಹೇಳುವುದು ಮಾತ್ರ ಬಾಕಿ ಇತ್ತು.

2018ರ ಜೂನ್ ತಿಂಗಳು. ನಾನೂ ನನ್ನ ಮಡದಿಯೂ ಅಮೆರಿಕದ ಟೆಕ್ಸಾಸ್ ರಾಜ್ಯದ ಡಲ್ಲಾಸ್‌ನಲ್ಲಿ ಮಗಳ ಮನೆಯಲ್ಲಿದ್ದೆವು. ಅಳಿಯನಿಗೆ ಕೊಲರಾಡೊ ರಾಜ್ಯದ ಡೆನ್ವರ್‌ನಲ್ಲಿ ಹೊಸ ಕೆಲಸವಾಯಿತು. ಅಲ್ಲಿಗೆ ಸುಮಾರು 1,280 ಕಿಲೋಮೀಟರ್ ದೂರ. ಮನೆ ಸಾಮಾನು ಸಾಗಿಸುವವರು ಹೇಳಿದ ದರ ಕೇಳಿ ಮಗಳು ಗಾಬರಿಯಾದಳು. ಕೊನೆಗೆ ಒಂದು ಟ್ರೈಲರನ್ನು ಬಾಡಿಗೆಗೆ ತಂದು, ಅವರ ಹದಿನೈದು ವರ್ಷ ಹಳೆಯ ಎಸ್‌ಯುವಿ ಗಾಡಿಗೆ ಕಟ್ಟಿ ಎಳೆದುಕೊಂಡು ಹೋಗುವುದೆಂದು ತೀರ್ಮಾನವಾಯಿತು.

ನಮ್ಮೂರಲ್ಲಿ ಟ್ರೈಲರ್ ಎಂದರೆ ಟಿಲ್ಲರಿಗೋ ಟ್ರ್ಯಾಕ್ಟರಿಗೋ ಕಟ್ಟುವಂಥದ್ದು. ಅಲ್ಲಿ ಹಾಗಲ್ಲ. ಒಂದು ಊರಿನಲ್ಲಿ ಬಾಡಿಗೆಗೆ ತೆಗೆದುಕೊಂಡು, ಹೋದ ಊರಿನಲ್ಲೇ ಬಿಟ್ಟುಬಿಡಬಹುದು. ಈ ಪದ್ಧತಿ ಬೆಳೆದದ್ದೂ ಒಂದು ಕುಟುಂಬದ ಕಷ್ಟದಿಂದಲೇ. 1945ರಲ್ಲಿ ಲೆನರ್ಡ್ ಶೋಯೆನ್ ಮತ್ತು ಅವರ ಮಡದಿ ಆನ್ನಾ ಮೇರಿ ಲಾಸ್ ಏಂಜಲಿಸ್‌ನಿಂದ ಪೋರ್ಟ್‌ಲ್ಯಾಂಡ್‌ಗೆ ಮನೆ ಬದಲಿಸಬೇಕಾಯಿತು. ಒಂದೇ ದಾರಿಗೆ ಟ್ರೈಲರ್ ಬಾಡಿಗೆಗೆ ಕೊಡುವವರು ಅವರಿಗೆ ಸಿಗಲಿಲ್ಲ. ನಮ್ಮ ಹಾಗೆ ಪರದಾಡುವವರು ಇನ್ನೂ ಎಷ್ಟು ಮಂದಿ ಇರಬಹುದೆಂದು ಯೋಚಿಸಿ, 5,000 ಡಾಲರ್ ಬಂಡವಾಳದಲ್ಲಿ ಅವರು ತೊಡಗಿಸಿದ ವ್ಯವಹಾರವೇ ಇಂದಿನ ಯೂ-ಹಾಲ್ ಕಂಪೆನಿ.

ನನ್ನ ಅಳಿಯ ಮಾತು ಕಡಿಮೆ, ಕೆಲಸ ಅಚ್ಚುಕಟ್ಟು. ಹೊರಡುವ ಎರಡು ವಾರ ಮೊದಲೇ ಗೇರ್‌ಬಾಕ್ಸಿನ ಎಣ್ಣೆ ಬದಲಿಸಿ, ರೇಡಿಯೇಟರ್, ಬ್ರೇಕ್, ಟಯರುಗಳನ್ನು ಪರೀಕ್ಷೆ ಮಾಡಿಸಿದ್ದ. ಗೇರ್ ತಾನಾಗಿ ಬದಲಾಗುವ ಹಳೆಯ ಗಾಡಿ ಭಾರ ಎಳೆಯುವಾಗ ಹೆಚ್ಚು ದಣಿಯುವುದು ಗೇರ್‌ಬಾಕ್ಸ್. ಅದರ ಎಣ್ಣೆ ಕಾದು ಕೆಟ್ಟರೆ ಗಾಡಿ ನಡುದಾರಿಯಲ್ಲಿ ನಿಂತುಬಿಡುತ್ತದೆ. ತಂದ ಟ್ರೈಲರ್ 6 ಅಡಿ ಅಗಲ, 12 ಅಡಿ ಉದ್ದದ ಮುಚ್ಚಿದ ಪೆಟ್ಟಿಗೆಯಂಥದ್ದು. ಖಾಲಿ ಇರುವಾಗಲೇ ಸುಮಾರು 870 ಕಿಲೋ, ತುಂಬಿದರೆ ಹೆಚ್ಚೆಂದರೆ 2,000 ಕಿಲೋ. ಗಾಡಿಯ ಕೈಪಿಡಿಯಲ್ಲಿ 5,000 ಪೌಂಡ್, ಅಂದರೆ ಸುಮಾರು 2,270 ಕಿಲೋ ಎಳೆಯಬಹುದೆಂದು ಇತ್ತು. ಲೆಕ್ಕ ಸರಿಯಿತ್ತು. ತಪ್ಪಿದ್ದು ಲೆಕ್ಕದಲ್ಲಲ್ಲ, ನನ್ನ ತಲೆಯಲ್ಲಿ.

ನಾನು ಮೂವತ್ತು ವರ್ಷ ಬದಿಯಡ್ಕ, ಪೆರ್ಲ, ಪುತ್ತೂರು ಎಂದು ಜೀಪು ಓಡಿಸಿದವನು. ಅಡಿಕೆ ಮೂಟೆಯಿಂದ ಮದುವೆ ದಿಬ್ಬಣದವರೆಗೆ ಎಲ್ಲವನ್ನೂ ಹೇರಿದವನು. ಸಾಮಾನು ಹೇರುವ ವಿದ್ಯೆಯನ್ನು ನನಗೆ ಯಾರಾದರೂ ಹೇಳಿಕೊಡಬೇಕೇ? ಶುಕ್ರವಾರ ಸಂಜೆ ಅಳಿಯ ಆಫೀಸಿನಿಂದ ಬರುವಷ್ಟರಲ್ಲಿ, ಪಕ್ಕದ ಮನೆಯ ಹುಡುಗರ ಸಹಾಯದಿಂದ ಅರ್ಧಕ್ಕರ್ಧ ಸಾಮಾನು ಹೇರಿಸಿಬಿಟ್ಟಿದ್ದೆ. ಹಾಸಿಗೆ, ಕುರ್ಚಿ, ಬಟ್ಟೆಯ ಪೆಟ್ಟಿಗೆಗಳು ಒಳಗೆ ಮುಂಭಾಗಕ್ಕೆ. ಬಟ್ಟೆ ಒಗೆಯುವ ಯಂತ್ರ, ಪುಸ್ತಕದ ಪೆಟ್ಟಿಗೆಗಳು, ಇಡ್ಲಿ ಹಿಟ್ಟಿನ ಗ್ರೈಂಡರ್ ಹಿಂದಿನ ಬಾಗಿಲ ಬಳಿ. ಭಾರದ್ದು ಇಳಿಸುವಾಗ ಮೊದಲು ಕೈಗೆ ಸಿಗಲಿ ಎಂಬುದು ನನ್ನ ಜಾಣತನ.

ಅಳಿಯ ಬಂದು ನೋಡಿದ. "ಮಾವ, ಭಾರದ್ದು ಮುಂದೆ ಇದ್ದರೆ ಒಳ್ಳೆಯದೆಂದು ಹೇಳುತ್ತಾರೆ..." ಎಂದು ಶುರು ಮಾಡಿದ.

"ನೀನು ಕಂಪ್ಯೂಟರ್ ನೋಡಿಕೋ ಮಗಾ. ಇದು ನನ್ನ ಕಸುಬು" ಎಂದೆ.

ಅವನು ಮುಗುಳ್ನಕ್ಕು ಸುಮ್ಮನಾದ. ಭಾರವನ್ನು ಮುಂದಕ್ಕೆ ಹಾಕಬೇಕೆಂದು ಟ್ರೈಲರಿನ ಮೇಲೆಯೇ ಬರೆದಿತ್ತು. ಬಾಡಿಗೆಗೆ ಕೊಟ್ಟವರೂ ಹೇಳಿ ಕಳುಹಿಸಿದ್ದರು. ಆದರೂ ಅವನು ಮತ್ತೆ ಬಾಯಿ ತೆರೆಯಲಿಲ್ಲ.

ಶನಿವಾರ ಬೆಳಿಗ್ಗೆ ಜಪಸರ ಹೇಳಿ, ರಕ್ಷಕ ದೂತರ ಪ್ರಾರ್ಥನೆ ಮಾಡಿ ಐದು ಮಂದಿ ಹೊರಟೆವು. ಮುಂದೆ ಅಳಿಯ ಮತ್ತು ನಾನು, ಹಿಂದೆ ಮಗಳು, ಮಡದಿ, ನಾಲ್ಕು ವರ್ಷದ ಮೊಮ್ಮಗ. ಟ್ರೈಲರ್ ಕಟ್ಟಿದಾಗ ಗಂಟೆಗೆ 55 ಮೈಲಿ, ಅಂದರೆ 88 ಕಿಲೋಮೀಟರ್ ಮೀರಬಾರದೆಂದು ಬಾಡಿಗೆಯವರ ನಿಯಮ. ಅಳಿಯ ಹಾಗೆಯೇ ಹೋಗುತ್ತಿದ್ದ. ಎಲ್ಲರೂ ನಮ್ಮನ್ನು ದಾಟಿ ಹೋಗುವುದನ್ನು ನೋಡಿ ನನಗೇ ತಡೆಯಲಾಗಲಿಲ್ಲ. "ಹೀಗಾದರೆ ನಾಳೆಯೂ ಮುಟ್ಟುವುದಿಲ್ಲ" ಎಂದೆ. ಅವನು ವೇಗ ಹೆಚ್ಚಿಸಿದ. ನನಗೆ ಗೌರವ ಕೊಟ್ಟು ಹೆಚ್ಚಿಸಿದ!

ವಿಚಿಟಾ ಫಾಲ್ಸ್ ಎಂಬ ಊರು ದಾಟಿದ ಮೇಲೆ ಬಟ್ಟಂಬಯಲು, ಜೋರು ಗಾಳಿ. ಒಂದು ಸಣ್ಣ ಇಳಿಜಾರಿನಲ್ಲಿ ದೊಡ್ಡ ಲಾರಿಯೊಂದು ನಮ್ಮನ್ನು ದಾಟಿತು. ಅದರ ಗಾಳಿ ಬಡಿದದ್ದೇ ತಡ, ಹಿಂದಿನ ಟ್ರೈಲರ್ ನೀರಿನಿಂದ ಎಳೆದ ಮೀನು ಬಾಲ ಬಡಿಯುವಂತೆ ಎಡಕ್ಕೂ ಬಲಕ್ಕೂ ಹೊಡೆಯತೊಡಗಿತು. ಒಂದೊಂದು ಹೊಡೆತಕ್ಕೂ ನಮ್ಮ ಗಾಡಿಯ ಹಿಂಭಾಗವೇ ಜಾರುತ್ತಿತ್ತು. ಮಡದಿ "ಯೇಸುವೇ!" ಎಂದು ಕೂಗಿದಳು. ಮಗು ಅಳತೊಡಗಿತು. ನಾನು "ಬ್ರೇಕ್ ಒತ್ತು! ಬ್ರೇಕ್ ಒತ್ತು!" ಎಂದು ಕಿರುಚಿದೆ.

ಆ ದಿನ ಮೊದಲ ಬಾರಿಗೆ ಅಳಿಯ ನನ್ನ ಮಾತು ಕೇಳಲಿಲ್ಲ. ಬ್ರೇಕ್ ಮುಟ್ಟಲೇ ಇಲ್ಲ. ಸ್ಟಿಯರಿಂಗನ್ನು ನೇರವಾಗಿ ಗಟ್ಟಿ ಹಿಡಿದು, ಆಕ್ಸಿಲರೇಟರಿನಿಂದ ಕಾಲು ತೆಗೆದು ಕುಳಿತ. ವೇಗ ತಾನಾಗಿ ಇಳಿಯಿತು, ಹೊಡೆತ ಕಡಿಮೆಯಾಗುತ್ತಾ ಬಂದು ನಿಂತಿತು. ಬ್ರೇಕ್ ಒತ್ತಿದ್ದರೆ ಗಾಡಿಯನ್ನು ಹಿಂದಿನ ಭಾರ ತಳ್ಳಿ, ಎರಡೂ ಮಡಚುವ ಚೂರಿಯಂತೆ ಮಡಚಿಕೊಳ್ಳಬಹುದಿತ್ತು. ಅವನು ಮಾತು ಮೀರಿದ್ದರಿಂದ ನಾವು ಐವರೂ ಉಳಿದೆವು.

ಚಿಲ್ಡ್ರೆಸ್ ಎಂಬ ಸಣ್ಣ ಊರಿನ ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿದೆವು. ಯಾರೂ ಮಾತನಾಡಲಿಲ್ಲ. ಇಳಿದು ನೋಡಿದರೆ ಗಾಡಿಯ ಹಿಂಭಾಗ ಮೇಲಕ್ಕೆ ಎದ್ದಂತಿತ್ತು. ಆಗ ನನಗೆ ನನ್ನ ತಂದೆಯವರ ಎತ್ತಿನ ಗಾಡಿ ನೆನಪಾಯಿತು. ಹುಲ್ಲು ಹೇರುವಾಗ ಹಿಂದೆ ಭಾರವಾದರೆ ನೊಗ ಮೇಲೆದ್ದು ಎತ್ತುಗಳ ಕೊರಳು ಬಿಗಿಯುತ್ತಿತ್ತು. "ಮುಂದಕ್ಕೆ ಹಾಕು, ಮುಂದಕ್ಕೆ" ಎಂದು ತಂದೆಯವರು ಕೂಗುತ್ತಿದ್ದರು. ಎಂಟು ವರ್ಷದ ಹುಡುಗನಾಗಿದ್ದಾಗ ನನಗೆ ಗೊತ್ತಿದ್ದ ಸಂಗತಿ ಅದು! ಭಾರ ಹಿಂದಾದರೆ ಕೊಂಡಿ ಮೇಲೇಳುತ್ತದೆ, ಎಳೆಯುವ ಗಾಡಿಯ ಹಿಂದಿನ ಚಕ್ರಗಳ ಹಿಡಿತ ಸಡಿಲವಾಗುತ್ತದೆ, ಬಾಲವೇ ತಲೆಯನ್ನು ಆಡಿಸುತ್ತದೆ. ಜೀಪಿನ ಮೂವತ್ತು ವರ್ಷದ ಅಹಂಕಾರ ಇದೆಲ್ಲವನ್ನೂ ಮರೆಸಿತ್ತು.

ಮಗಳು ನನ್ನನ್ನು ಪಕ್ಕಕ್ಕೆ ಕರೆದಳು. "ಪಪ್ಪಾ, ನಿನ್ನೆ ರಾತ್ರಿ ಅವರಿಗೆ ನಿದ್ದೆಯೇ ಬಂದಿಲ್ಲ. ಎಲ್ಲವನ್ನೂ ಇಳಿಸಿ ಮತ್ತೆ ಹೇರಬೇಕೆಂದು ನನ್ನ ಹತ್ತಿರ ಹೇಳಿದರು. ನಿಮಗೆ ಬೇಸರವಾಗುತ್ತದೆಂದು ಸುಮ್ಮನಿದ್ದರು" ಎಂದಳು.

ನಾನು ಅಳಿಯನ ಬಳಿಗೆ ಹೋದೆ. "ತಪ್ಪು ನನ್ನದು ಮಗಾ. ನೀನು ಹೇಳು, ನಾನು ಎತ್ತುತ್ತೇನೆ" ಎಂದೆ.

"ನನ್ನದೂ ತಪ್ಪು ಮಾವ. ಗಟ್ಟಿಯಾಗಿ ಹೇಳಬೇಕಿತ್ತು" ಎಂದ.

ಎರಡೂವರೆ ಗಂಟೆ ಬಿಸಿಲಿನಲ್ಲಿ ಎಲ್ಲ ಇಳಿಸಿ ಮತ್ತೆ ಹೇರಿದೆವು. ಒಗೆಯುವ ಯಂತ್ರ, ಪುಸ್ತಕ, ಗ್ರೈಂಡರ್ ಮುಂದಕ್ಕೆ ನೆಲಮಟ್ಟಕ್ಕೆ. ಹಾಸಿಗೆ, ಕುರ್ಚಿ ಹಿಂದಕ್ಕೆ. ಎಲ್ಲವನ್ನೂ ಹಗ್ಗದಿಂದ ಬಿಗಿದೆವು. ಆಮೇಲೆ ಅಮರಿಲ್ಲೊದವರೆಗೆ ಟ್ರೈಲರ್ ನೆರಳಿನಂತೆ ಹಿಂದೆ ಬಂತು.

ಭಾನುವಾರ ಅಲ್ಲಿಯೇ ಬೆಳಗಿನ ಬಲಿಪೂಜೆಯಲ್ಲಿ ಪಾಲ್ಗೊಂಡು ಮುಂದೆ ಹೊರಟೆವು. ಮಧ್ಯಾಹ್ನದ ಮೇಲೆ ನ್ಯೂ ಮೆಕ್ಸಿಕೊ ಮತ್ತು ಕೊಲರಾಡೊ ಗಡಿಯ ರಾಟೋನ್ ಪಾಸ್ ಎಂಬ ಘಾಟಿ. ಎತ್ತರ 7,834 ಅಡಿ. ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗಿ ಎಂಜಿನ್‌ನ ಶಕ್ತಿ ಕುಗ್ಗುತ್ತದೆ. ಎಸಿ ಆರಿಸಿ, ಬಲಬದಿಯಲ್ಲಿ ನಿಧಾನವಾಗಿ ಹತ್ತಿದೆವು. ತುದಿ ಮುಟ್ಟಿದಾಗ ಅಳಿಯ ನನ್ನ ಕಡೆ ತಿರುಗಿ, "ಮಾವ, ನಾನು ಓಡಿಸಿದ್ದೆಲ್ಲ ಬಯಲಿನಲ್ಲಿ. ಇಳಿಯುವುದು ಹೇಗೆ, ನೀವು ಹೇಳಿ" ಎಂದ.

ಚಾರ್ಮಾಡಿ, ಆಗುಂಬೆ ಇಳಿದವನಿಗೆ ಅದು ಗೊತ್ತಿತ್ತು. "ಹತ್ತಿದ ಗೇರಿನಲ್ಲೇ ಇಳಿ. ಭಾರವನ್ನು ಎಂಜಿನ್ ತಡೆಯಲಿ. ಬ್ರೇಕ್ ಮೇಲೆ ಕಾಲು ಇಟ್ಟುಕೊಂಡೇ ಇಳಿದರೆ ಅದು ಕಾದು ಹಿಡಿಯದೆ ಹೋಗುತ್ತದೆ. ಬೇಕಾದಾಗ ಒಮ್ಮೆ ಒತ್ತಿ ವೇಗ ಇಳಿಸು, ಕೂಡಲೇ ಬಿಟ್ಟುಬಿಡು" ಎಂದೆ. ಅವನು ಗೇರನ್ನು ಕೈಯಾರೆ ಕೆಳಕ್ಕಿಳಿಸಿ ಹಾಗೆಯೇ ಇಳಿಸಿದ. ಕೆಳಗೆ ಟ್ರಿನಿಡಾಡ್ ಎಂಬ ಊರು. 1872ರಲ್ಲಿ ಸಿಸ್ಟರ್ ಬ್ಲಾಂಡಿನಾ ಸೆಗಾಲೆ ಎಂಬ ಕನ್ಯಾಸ್ತ್ರೀ ತನ್ನ 22ನೇ ವಯಸ್ಸಿನಲ್ಲಿ ಸೇವೆಗೆಂದು ಬಂದಿಳಿದ ಊರದು. ಅಲ್ಲಿ ಕಾಫಿ ಕುಡಿದು, ರಾತ್ರಿ ಡೆನ್ವರ್ ಮುಟ್ಟಿದೆವು.

ಮಕ್ಕಳು ಹೀಗೆ ಟ್ರೈಲರ್ ಕಟ್ಟಿ ಹೊರಡುವುದಿದ್ದರೆ ಈ ಮಾತುಗಳನ್ನು ಅವರಿಗೆ ತಿಳಿಸಿ:

1. ಗಾಡಿ ಎಷ್ಟು ಎಳೆಯಬಹುದೆಂದು ಕೈಪಿಡಿಯಲ್ಲಿ ನೋಡಿ. ಒಳಗೆ ಕೂರುವವರು, ಒಳಗಿನ ಸಾಮಾನು, ಕೊಂಡಿಯ ಮೇಲೆ ಬೀಳುವ ಭಾರ ಇವೆಲ್ಲವನ್ನೂ ಗಾಡಿಯೇ ಹೊರಬೇಕು.

2. ಟ್ರೈಲರಿನ ಮುಂದಿನ ಅರ್ಧದಲ್ಲಿ ನೂರಕ್ಕೆ 60ರಷ್ಟು ಭಾರವಿರಲಿ. ಕೊಂಡಿಯ ಮೇಲೆ ಒಟ್ಟು ಭಾರದ ನೂರಕ್ಕೆ 10ರಿಂದ 15ರಷ್ಟು ಬೀಳಬೇಕು. ಮಿತಿಮೀರಿ ಮುಂದೆ ಹೇರಿದರೂ ತೊಂದರೆಯೇ.

3. ಕೊಂಡಿಯ ಗುಂಡಿನ ಅಳತೆ ಟ್ರೈಲರಿಗೆ ಸರಿಹೊಂದಬೇಕು. ಸರಪಳಿಗಳನ್ನು ಅಡ್ಡಡ್ಡ ದಾಟಿಸಿ ಕಟ್ಟಿ. ದೀಪಗಳು ಉರಿಯುತ್ತವೆಯೇ ನೋಡಿ. ಸ್ವಲ್ಪ ದೂರ ಹೋಗಿ ನಿಲ್ಲಿಸಿ ಮತ್ತೊಮ್ಮೆ ಪರೀಕ್ಷಿಸಿ.

4. ಟಯರಿನ ಗಾಳಿಯನ್ನು ಹೊರಡುವ ಮೊದಲು, ತಣ್ಣಗಿರುವಾಗಲೇ ನೋಡಿ.

5. ಹೇಳಿದ ವೇಗವನ್ನು ಮೀರಬೇಡಿ. ಮುಂದಿನ ವಾಹನದಿಂದ ಎಂದಿಗಿಂತ ಹೆಚ್ಚು ದೂರವಿರಿ.

6. ಟ್ರೈಲರ್ ತೂಗಾಡಿದರೆ ಬ್ರೇಕ್ ಬೇಡ, ವೇಗ ಹೆಚ್ಚಿಸುವುದೂ ಬೇಡ. ಸ್ಟಿಯರಿಂಗ್ ನೇರ ಹಿಡಿದು ಕಾಲು ತೆಗೆಯಿರಿ. ನಿಂತ ಮೇಲೆ ಭಾರವನ್ನು ಸರಿಪಡಿಸದೆ ಮುಂದೆ ಹೋಗಬೇಡಿ.

ಇನ್ನೊಂದು ಮಾತು ನನ್ನಂಥ ಹಿರಿಯರಿಗೆ. ತಂದೆತಾಯಿಯರನ್ನು ಗೌರವಿಸಬೇಕೆಂದು ಮಕ್ಕಳಿಗೆ ನಾವು ಕಲಿಸಿದ್ದೇವೆ. ಎಫೆಸದವರಿಗೆ ಬರೆದ ಪತ್ರದಲ್ಲಿ ಸಂತ ಪೌಲರು ಮಕ್ಕಳಿಗೆ ಇದನ್ನು ಹೇಳಿದ ಬೆನ್ನಲ್ಲೇ ತಂದೆಯರಿಗೂ ಒಂದು ಎಚ್ಚರಿಕೆ ಕೊಟ್ಟಿದ್ದಾರೆ. ನಾವು ಮೊದಲನೆಯದನ್ನು ಮಾತ್ರ ನೆನಪಿಡುತ್ತೇವೆ. ನಮ್ಮೆದುರು ಮಕ್ಕಳು ಬಾಯಿ ಮುಚ್ಚಿ ನಿಂತರೆ ಅದನ್ನು ಗೌರವವೆಂದು ತಿಳಿದು ಹಿಗ್ಗುತ್ತೇವೆ. ಆ ಮೌನದ ಹಿಂದೆ ಒಬ್ಬನು ರಾತ್ರಿಯಿಡೀ ನಿದ್ದೆಗೆಟ್ಟಿರಬಹುದೆಂದು ನಮಗೆ ತಿಳಿಯುವುದೇ ಇಲ್ಲ. ತೋಟ ಮಾರುವ ಮಾತಿರಲಿ, ಮದುವೆಯ ಮಾತಿರಲಿ, ಆಸ್ಪತ್ರೆಯ ಮಾತಿರಲಿ, ಎಷ್ಟೋ ಮನೆಗಳಲ್ಲಿ ನಡೆಯುತ್ತಿರುವುದು ಇದೇ.

ಈಗ ನಾನು ಒಂದು ಅಭ್ಯಾಸ ಮಾಡಿಕೊಂಡಿದ್ದೇನೆ. ನನ್ನ ಮಾತು ಮುಗಿದ ಮೇಲೆ "ನಿನಗೆ ಏನನಿಸುತ್ತದೆ?" ಎಂದು ಕೇಳಿ, ಉತ್ತರ ಬರುವವರೆಗೆ ಸುಮ್ಮನಿರುತ್ತೇನೆ. ಸುಮ್ಮನಿರುವುದೇ ಕಷ್ಟ! ಮಡದಿ ನೋಡಿ ನಗುತ್ತಾಳೆ. ಇಂದು ರಾತ್ರಿ ಜಪಸರ ಮುಗಿದ ಮೇಲೆ ನಿಮ್ಮ ಮನೆಯಲ್ಲಿಯೂ ಒಮ್ಮೆ ಕೇಳಿ ನೋಡಿ.

ದೇವರು ನಿಮ್ಮ ಮಕ್ಕಳ ಪ್ರಯಾಣಗಳನ್ನು ಕಾಪಾಡಲಿ. ಮುಂದಿನ ತಿಂಗಳು ಮತ್ತೆ ಭೇಟಿಯಾಗೋಣ.