ಬರಿದೆಂಬ ಬಯಲು

ದಕ್ಷಿಣ ಅಮೆರಿಕದ ಪಡುವಣ ತೀರದಲ್ಲಿ, ಪೆರು ದೇಶದಲ್ಲಿ, ಪಿಸ್ಕೊ ಎಂಬ ಊರಿದೆ. ವಿಹಾರಕ್ಕೆಂದು ಹೊರಟ ದೊಡ್ಡ ಹಡಗುಗಳು ಅದರ ಬಳಿಯ ಬಂದರಿನಲ್ಲಿ ಒಂದು ಹಗಲು ತಂಗುವುದುಂಟು. ಪ್ರಯಾಣಿಕರು ದಡಕ್ಕಿಳಿದು, ಬಸ್ಸುಗಳನ್ನೇರಿ, ಪರಾಕಾಸ್ ಎಂಬ ರಕ್ಷಿತ ಪ್ರದೇಶವನ್ನು ನೋಡಿಕೊಂಡು ಹಡಗಿಗೆ ಮರಳುತ್ತಾರೆ. ಮೊದಲ ನೋಟಕ್ಕೆ ಅಲ್ಲಿ ಕಾಣುವುದು ಮರಳು; ಮರಳಿನಾಚೆ ಮತ್ತೆ ಮರಳು; ಅದರಾಚೆ ಕಡಲು. ಗಿಡವಿಲ್ಲ, ನೆರಳಿಲ್ಲ. ಇಷ್ಟು ಹಣ ತೆತ್ತು ಇಷ್ಟು ದೂರ ಬಂದದ್ದು ಇದಕ್ಕಾಗಿಯೇ ಎಂಬ ಪ್ರಶ್ನೆ ಯಾರ ಮನಸ್ಸಿನಲ್ಲಾದರೂ ಮೂಡುವುದು ಸಹಜ.

ಕಡಲ ಮಗ್ಗುಲಲ್ಲೇ ಮರುಭೂಮಿ ಹೇಗಾಯಿತು? ಆ ತೀರದುದ್ದಕ್ಕೂ ಹಂಬೋಲ್ಟ್ ಎಂಬ ತಣ್ಣೀರಿನ ಪ್ರವಾಹ ಹರಿಯುತ್ತದೆ. ತಣ್ಣೀರ ಮೇಲಿನ ಗಾಳಿಯೂ ತಣ್ಣಗಾಗಿ, ಭಾರವಾಗಿ, ಕೆಳಗೇ ನಿಂತುಬಿಡುತ್ತದೆ. ಗಾಳಿ ಮೇಲೇರದ ಕಾರಣ ಮಂಜು ಕವಿದೀತೇ ಹೊರತು ಮಳೆ ಬೀಳುವುದು ಬಲು ಅಪರೂಪ. ಆದರೆ ಅದೇ ತಣ್ಣೀರು ಆಳದ ಪೋಷಕಾಂಶಗಳನ್ನು ಮೇಲಕ್ಕೆ ತರುತ್ತದೆ. ಅದರಿಂದ ಸೂಕ್ಷ್ಮಜೀವಿಗಳು, ಅವುಗಳಿಂದ ಮೀನು, ಮೀನಿನಿಂದ ಪೆಂಗ್ವಿನ್ನುಗಳು, ಕಡಲಸಿಂಹಗಳು, ಲೆಕ್ಕವಿಲ್ಲದಷ್ಟು ಹಕ್ಕಿಗಳು. ಪೆರುವಿನ ಕಡಲಹಕ್ಕಿಗಳ ಹಿಕ್ಕೆಯೇ 19ನೆಯ ಶತಮಾನದಲ್ಲಿ ಗೊಬ್ಬರವಾಗಿ ಯೂರೋಪಿನ ಹೊಲಗಳನ್ನು ಸೇರಿತು. ನೆಲವನ್ನು ಒಣಗಿಸಿದ್ದೂ ಕಡಲನ್ನು ತುಂಬಿಸಿದ್ದೂ ಒಂದೇ ಕಾರಣ. 1975ರಲ್ಲಿ ಪೆರು ಸರ್ಕಾರವು ಸುಮಾರು 3,35,000 ಹೆಕ್ಟೇರುಗಳಷ್ಟು ಮರಳನ್ನೂ ಕಡಲನ್ನೂ ಒಟ್ಟಾಗಿ ರಕ್ಷಣೆಗೆ ತೆಗೆದುಕೊಂಡಿತು.

ಇಂಥದೊಂದು ಹಗಲಿನ ವಿಹಾರಕ್ಕೆ ದಾವಣಗೆರೆಯ ಸಂಸಾರಗಳು ಕಡಲನ್ನು ಅರಸಿ ಹೋಗಬೇಕಾಗಿಲ್ಲ. ಹೊಳೆಯೊಂದನ್ನು ದಾಟಿದರೆ ಸಾಕು. ಭಾನುವಾರದ ಬೆಳಗಿನ ಜಾವ ಬುತ್ತಿ ಕಟ್ಟಿಕೊಂಡು ಹೊರಟರೆ ಸುಮಾರು 14 ಕಿಲೋಮೀಟರಿಗೆ ಹರಿಹರ. ಹರಿಹರೇಶ್ವರನಿಗೆ ಕೈಮುಗಿದು ತುಂಗಭದ್ರೆಯ ಸೇತುವೆ ದಾಟಿದರೆ ರಾಣೆಬೆನ್ನೂರು ತಾಲ್ಲೂಕು. ಆ ಊರಿನ ಸಮೀಪದಲ್ಲೇ ಇದೆ, 1974ರಲ್ಲಿ ಸ್ಥಾಪಿತವಾದ ಕೃಷ್ಣಮೃಗಗಳ ಅಭಯಾರಣ್ಯ. ವಿಸ್ತೀರ್ಣ 119 ಚದರ ಕಿಲೋಮೀಟರು.

ಇಲ್ಲಿಯೂ ನೀರು ಹತ್ತಿರ, ಮಳೆ ದೂರ. ಪಡುವಣ ಮೋಡಗಳು ತಮ್ಮ ಭಾರವನ್ನೆಲ್ಲ ಸಹ್ಯಾದ್ರಿಯ ಮೇಲೆ ಇಳಿಸಿ, ಹಗುರಾಗಿ ಈ ಸೀಮೆಗೆ ಬರುತ್ತವೆ. ವರ್ಷಕ್ಕೆ ಆಗುಂಬೆಯಲ್ಲಿ 7,000 ಮಿಲಿಮೀಟರಿಗೂ ಹೆಚ್ಚು ಸುರಿದರೆ, ದಾವಣಗೆರೆಯ ಪಾಲಿಗೆ ಬರುವುದು ಅದರ ಹತ್ತನೆಯ ಒಂದು ಭಾಗದಷ್ಟು. ಮಲೆನಾಡಿನ ಮಳೆಯನ್ನು ಹೊತ್ತ ಹೊಳೆ ದಡದ ನಡುವೆ ಹರಿದುಹೋಗುತ್ತದೆ. ದಡದಾಚೆಯ ನೆಲ ಹುಲ್ಲನ್ನೂ ಕುರುಚಲನ್ನೂ ಬೆಳೆದುಕೊಂಡು ತೃಪ್ತವಾಗಿರುತ್ತದೆ.

ಅಭಯಾರಣ್ಯವೆಂಬ ಮಾತಿನಲ್ಲಿ ಅರಣ್ಯವಿರುವುದರಿಂದ, ಭದ್ರೆಯ ಕಾಡಿನಂಥ ದಟ್ಟಣೆಯನ್ನು ನೆನೆದು ಬಂದವರಿಗೆ ನಿರಾಶೆಯಾಗುವುದುಂಟು. ಆದರೆ ಕೃಷ್ಣಮೃಗ ಕಾಡಿನ ಪ್ರಾಣಿಯಲ್ಲ, ಬಯಲಿನದು. ಅದರ ರಕ್ಷಣೆಯೆಲ್ಲ ಕಣ್ಣಿನಲ್ಲಿ ಮತ್ತು ಕಾಲಿನಲ್ಲಿ. ದೂರದಲ್ಲೇ ತೋಳವನ್ನು ಕಾಣಬೇಕು, ಕಂಡೊಡನೆ ಅಡೆತಡೆಯಿಲ್ಲದೆ ಓಡಬೇಕು. ಗಂಡು ಬೆಳೆದಂತೆ ಮೈ ಕಪ್ಪಾಗುತ್ತದೆ. ತಿರುಚಿದ ಕೋಡುಗಳು ನೀಳವಾಗುತ್ತವೆ. ಕಾಳಿದಾಸನ ಶಾಕುಂತಲದ ಮೊದಲ ಅಂಕದಲ್ಲಿ ದುಷ್ಯಂತನು ಬೆನ್ನಟ್ಟಿ ಬರುವುದು ಈ ಮೃಗವನ್ನೇ.

ಇದೇ ನೆಲದಲ್ಲಿ ಇನ್ನೊಂದು ಜೀವವೂ ಇತ್ತು. ಎರೆಯ ಹೊಲಗಳಲ್ಲಿ, ಹುಲ್ಲಿನ ನಡುವೆ ಆಳಿನೆದೆಯೆತ್ತರಕ್ಕೆ ನಿಂತು ದಿಗಿಲು ಹುಟ್ಟಿಸುವ ಆ ದೊಡ್ಡ ಹಕ್ಕಿಯನ್ನು ಜನ ಎರೆಭೂತವೆಂದು ಕರೆದರು. ಗಂಡಿನ ತೂಕ 15 ಕಿಲೋಗ್ರಾಮಿನವರೆಗೂ ಇರುವುದುಂಟು. ಗೂಡು ಕಟ್ಟುವ ಗೊಡವೆ ಅದಕ್ಕಿಲ್ಲ. ಬರಿನೆಲದ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆ. ಪಕ್ಷಿತಜ್ಞ ಸಲೀಂ ಅಲಿಯವರು ಇದನ್ನೇ ರಾಷ್ಟ್ರಪಕ್ಷಿಯಾಗಿಸಬೇಕೆಂದು ಸೂಚಿಸಿದ್ದರು; 1963ರಲ್ಲಿ ಆ ಗೌರವ ನವಿಲಿಗೆ ಸಂದಿತು.

ರಾಣೆಬೆನ್ನೂರಿನ ಬಯಲಿಗೆ ಕೇಡು ಬಂದದ್ದು ಕೊಡಲಿಯಿಂದಲ್ಲ, ಸಸಿಯಿಂದ. ಬರಿದೆಂದು ಕಂಡ ನೆಲದ ಬಹುಭಾಗದಲ್ಲಿ ನೀಲಗಿರಿ ನೆಡಲಾಯಿತು. ನೆಟ್ಟವರ ಉದ್ದೇಶ ಕೆಟ್ಟದ್ದಾಗಿರಲಿಲ್ಲ. ನೆಲ ಹಸಿರಾಗಲಿ, ಮರವೂ ದೊರೆಯಲಿ ಎಂಬುದಷ್ಟೆ. ಆದರೆ ಮರಗಳು ಬೆಳೆದು ಒತ್ತಾದಲ್ಲಿ ಹುಲ್ಲು ಸೊರಗಿತು, ದೂರದ ನೋಟ ಕಟ್ಟಿತು. ಕೃಷ್ಣಮೃಗ ಹೇಗೋ ಹೊಂದಿಕೊಂಡಿತು. ಸುತ್ತಲ ಹೊಲಗಳಿಗೆ ಮೇಯಲು ಇಳಿಯಿತು, ರೈತನ ಶಾಪಕ್ಕೆ ಗುರಿಯಾಯಿತು. ಎರೆಭೂತಕ್ಕೆ ಹೊಂದಿಕೊಳ್ಳಲಾಗಲಿಲ್ಲ. ಇಂದು ಕರ್ನಾಟಕದಲ್ಲಿ ಅದು ಉಳಿದಿರುವುದು ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಕಡೆ, ಬೆರಳೆಣಿಕೆಯಷ್ಟು.

ನೀಲಗಿರಿಯ ಪ್ರಶ್ನೆ ಜಿಂಕೆಗೂ ಹಕ್ಕಿಗೂ ಮಾತ್ರ ಸಂಬಂಧಿಸಿದ್ದಲ್ಲ. 1984ರಲ್ಲಿ ಸರ್ಕಾರವು ಸುಮಾರು 30,000 ಹೆಕ್ಟೇರು ಸಾರ್ವಜನಿಕ ಭೂಮಿಯನ್ನು ಕಾರ್ಖಾನೆಯ ತಿರುಳಿಗಾಗಿ ಮರ ಬೆಳೆಸುವ ಸಂಸ್ಥೆಯೊಂದಕ್ಕೆ ಕೊಡಲು ಹೊರಟಿತು. ಸರ್ಕಾರದ ಕಡತದಲ್ಲಿ ಬೀಳು. ಹಳ್ಳಿಯವರಿಗೋ ಅದೇ ದನದ ಮೇವು, ಒಲೆಯ ಸೌದೆ. 1987ರ ನವೆಂಬರ್ 14ರಂದು ಇಂದಿನ ಹಾವೇರಿ ಜಿಲ್ಲೆಯ ಕುಸನೂರಿನಲ್ಲಿ ಜನ ನೆರೆದು, ನೀಲಗಿರಿ ಸಸಿಗಳನ್ನು ಕಿತ್ತು, ತಮಗೆ ಬೇಕಾದ ಗಿಡಗಳನ್ನು ನೆಟ್ಟರು. ‘ಕಿತ್ತಿಕೊ-ಹಚ್ಚಿಕೊ’ ಎಂದು ಆ ಸತ್ಯಾಗ್ರಹ ಹೆಸರಾಯಿತು. 1991ರಲ್ಲಿ ಆ ಸಂಸ್ಥೆಯನ್ನು ಮುಚ್ಚಲಾಯಿತು.

ಜೂನ್ ತಿಂಗಳು ಬಂದರೆ ಶಾಲೆ ಶಾಲೆಯಲ್ಲೂ ಸಸಿ ನೆಡುವ ಸಂಭ್ರಮ. ಅದು ಒಳ್ಳೆಯದೇ. ಬೀದಿಗೆ ನೆರಳು ಬೇಕು, ಕಡಿದ ಕಾಡು ಮರಳಿ ಬೆಳೆಯಬೇಕು. ಆದರೆ ಗುಂಡಿ ತೋಡುವ ಮುನ್ನ, ಈ ನೆಲದಲ್ಲಿ ಮೊದಲು ಏನಿತ್ತು ಎಂದು ಒಮ್ಮೆ ವಿಚಾರಿಸಿಕೊಳ್ಳುವುದು ಅವಶ್ಯ. ಹುಲ್ಲೇ ಇದ್ದಲ್ಲಿ ಹುಲ್ಲನ್ನು ಉಳಿಸುವುದೂ ನೆಡುವಷ್ಟೇ ಪುಣ್ಯದ ಕೆಲಸ.

ರಾಣೆಬೆನ್ನೂರಿಗೆ ಹೋಗುವವರು ಬಿಸಿಲೇರುವ ಮುನ್ನ ಬಯಲನ್ನು ಸೇರಬೇಕು. ವಾಹನವನ್ನು ನಿಲ್ಲಿಸಿ, ಮಾತು ನಿಲ್ಲಿಸಿ, ಅರ್ಧ ಗಂಟೆ ಕಾಯಬೇಕು. ಜೊತೆಯಲ್ಲಿ ಬಂದ ಮಗು “ಇಲ್ಲಿ ಏನೂ ಇಲ್ಲವಲ್ಲ” ಎಂದೀತು. ಆಗ ಹಿರಿಯರು ಹೌದೆನ್ನದೆ, ಹುಲ್ಲಿನ ಆಚೆಯಂಚಿನತ್ತ ಬೆರಳು ಮಾಡಿ ತೋರಿಸಲಿ.